ಹಬ್ಬದ ಪಾನಕಕ್ಕೆ ಚೂರು ಕಹಿ

ಯುಗಾದಿಯ ಬೆಳಿಗ್ಗೆ ಎಣ್ಣೆನೀರು ಆದ ಮೇಲೆ ಮನೆಮಂದಿಗೆಲ್ಲ ಬೇವು-ಬೆಲ್ಲ ಕೊಡುತ್ತೇವೆ. ಹೇಗೆ ಕೊಡುತ್ತೇವೆ ಎಂದು ಸ್ವಲ್ಪ ನೆನಪು ಮಾಡಿಕೊಳ್ಳಿ. ಬೆಲ್ಲ ಒಂದು ಹಿಡಿ, ಬೇವು ಒಂದೇ ಒಂದು ಎಸಳು! ಮಕ್ಕಳು ಮುಖ ಸಿಂಡರಿಸುತ್ತವೆಂದು ಆ ಎಸಳನ್ನೂ ಬೆಲ್ಲದೊಳಗೆ ಬಚ್ಚಿಡುತ್ತೇವೆ. ಅಲ್ಲಿಗೆ ವರ್ಷದ ಕಹಿಯ ಲೆಕ್ಕ ಮುಗಿಯಿತು. ಚೈತ್ರ ಶುದ್ಧ ನವಮಿಯ ದಿನ ಪಾನಕದ ಪಾತ್ರೆಗೆ ಬೆಲ್ಲ ಸುರಿದದ್ದೇ ಸುರಿದದ್ದು.

"ಹಬ್ಬದ ದಿನ ಸಿಹಿಯೇ ಇರಲಿ ಬಿಡಿ, ಕಹಿ ಯಾಕ್ರೀ?" ಎಂದು ನೀವು ಕೇಳಬಹುದು. ಅತಿ ಸಿಹಿ ಪಾನಕದ ಗತಿ ಏನಾಗುತ್ತದೆ, ನೋಡಿಯೇ ಇದ್ದೀರಿ. ಬಿಸಿಲಿನಲ್ಲಿ ಬಂದವರು ಅರ್ಧ ಲೋಟ ಕುಡಿದು "ಸಾಕಮ್ಮ" ಎಂದು ಕೆಳಗಿಡುತ್ತಾರೆ. ಸಕ್ಕರೆ ಕಾಯಿಲೆಯ ಹಿರಿಯರು ಪ್ರಸಾದ ಬೇಡವೆನ್ನಲೂ ಆಗದೆ, ಕುಡಿಯಲೂ ಆಗದೆ ಪೇಚಾಡುತ್ತಾರೆ. ಮಕ್ಕಳ ನಾಲಿಗೆಯೋ, ಬಾಟಲಿ ಪಾನೀಯಗಳ ಸಿಹಿಗೆ ಒಗ್ಗಿಹೋಗಿರುತ್ತದೆ. ಅದಕ್ಕೆ ಎಷ್ಟು ಬೆಲ್ಲ ಹಾಕಿದರೂ ಸಪ್ಪೆಯೇ.

ನಮ್ಮ ಹನುಮಂತನಗರದಲ್ಲಿ ರಾಮನವಮಿಯೆಂದರೆ ದೊಡ್ಡ ಸಂಭ್ರಮ. ಹೆಸರೇ ಹನುಮಂತನದು, ಮೇಲೆ ರಾಮಾಂಜನೇಯ ಗುಡ್ಡ ಬೇರೆ! ಬೀದಿಬೀದಿಯಲ್ಲಿ ಪೆಂಡಾಲು, ಹಂಡೆಗಟ್ಟಲೆ ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ. ಅತ್ತ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನವೆಂದರೆ 1939ರಲ್ಲಿ ಶುರುವಾದ ಶ್ರೀ ರಾಮಸೇವಾ ಮಂಡಲಿಯ ಸಂಗೀತೋತ್ಸವದ ನೆನಪು. ಇಂಥ ಹಬ್ಬದ ಪಾನಕ ನಾಲಿಗೆಯಲ್ಲಿ ಉಳಿಯುವಂತಿರಬೇಡವೇ?

ನಮ್ಮವರು ಊಟದಲ್ಲಿ ಆರು ರಸ ಎಣಿಸಿದರು: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಪಾನಕದಲ್ಲಿ ಬೆಲ್ಲದ ಸಿಹಿ, ನಿಂಬೆಯ ಹುಳಿ, ಚಿಟಿಕೆ ಉಪ್ಪು, ಮೆಣಸು-ಶುಂಠಿಯ ಖಾರ, ನಾಲ್ಕು ಆಗಲೇ ಇವೆ. ಬಾಕಿ ಇರುವುದು ಕಹಿ, ಒಗರು. ಅವೆರಡನ್ನೂ ಹದವಾಗಿ ಕೊಡಬಲ್ಲದ್ದು ಹೇರಳೆಕಾಯಿಯ ಸಿಪ್ಪೆ. ಚಿತ್ರಾನ್ನಕ್ಕೆ, ಉಪ್ಪಿನಕಾಯಿಗೆ ತರುತ್ತೀರಲ್ಲ, ಅದೇ ಹೇರಳೆ.

ಹಬ್ಬಕ್ಕೆ ಕಹಿ ಪಾನೀಯ ಕುಡಿಯುವವರು ಹೊರದೇಶದಲ್ಲೂ ಇದ್ದಾರೆ. ಇಟಲಿಯಲ್ಲಿ ನೆಗ್ರೋನಿ ಎಂಬ ಹೆಸರಾಂತ ಪಾನೀಯವಿದೆ. 1919ರ ಸುಮಾರಿಗೆ ಫ್ಲಾರೆನ್ಸ್ ಪಟ್ಟಣದಲ್ಲಿ ನೆಗ್ರೋನಿ ಎಂಬಾತನ ಇಷ್ಟದಂತೆ ಅದು ಹುಟ್ಟಿತೆಂದು ಹೇಳುತ್ತಾರೆ. ಜಿನ್ ಒಂದು ಪಾಲು, ಕೆಂಪು ಬಣ್ಣದ ಕಹಿ ಮದ್ಯ ಒಂದು ಪಾಲು, ಬೇರು-ನಾರು ಹಾಕಿದ ಸಿಹಿ ದ್ರಾಕ್ಷಾಮದ್ಯ ಒಂದು ಪಾಲು, ಮೇಲೆ ಕಿತ್ತಳೆ ಸಿಪ್ಪೆಯ ಚೂರು. ಕ್ರಿಸ್‌ಮಸ್ ಬಂತೆಂದರೆ ಇದಕ್ಕೇ ಚಕ್ಕೆ, ಲವಂಗದ ಘಮ ಕೂಡಿಸುವವರುಂಟು. ಅದು ಮದ್ಯ, ನಮ್ಮ ಅಡಿಗೆಮನೆಗೆ ಬೇಕಿಲ್ಲ. ಆದರೆ ಅದರಲ್ಲಿರುವ ಲೆಕ್ಕ ಮಾತ್ರ ಕಲಿಯುವಂಥದ್ದು. ಕಹಿ, ಸಿಹಿ, ಪರಿಮಳ ಮೂರೂ ಒಂದನ್ನೊಂದು ಹಿಡಿದು ನಿಲ್ಲಿಸಬೇಕು. ಯಾವುದೊಂದು ಮುಂದೆ ಬಂದರೂ ರುಚಿ ಕೆಟ್ಟಿತು. ಆ ಲೆಕ್ಕವನ್ನು ನಮ್ಮ ಪಾನಕಕ್ಕೆ ಹಾಕಿ ನೋಡೋಣ.

ಬೇಕಾಗುವ ಸಾಮಾನು (ಆರು ಲೋಟಕ್ಕೆ)

ಕುದಿಸಿ ಆರಿಸಿದ ನೀರು 1 ಲೀಟರು, ಕಷಾಯಕ್ಕೆ ಬೇರೆ ನೀರು 1 ಬಟ್ಟಲು, ಪುಡಿಮಾಡಿದ ಬೆಲ್ಲ ಮುಕ್ಕಾಲು ಬಟ್ಟಲು (ಸುಮಾರು 150 ಗ್ರಾಂ), ಅರ್ಧ ಹೇರಳೆಕಾಯಿಯ ಸಿಪ್ಪೆ, ಹೇರಳೆ ಅಥವಾ ನಿಂಬೆ ರಸ 2 ದೊಡ್ಡ ಚಮಚೆ, ಮೆಣಸು 10 ಕಾಳು, ಒಂದು ಅಂಗುಲ ಹಸಿಶುಂಠಿ, ಲವಂಗ 2, ಬೆರಳ ತುದಿಯಷ್ಟು ಚಕ್ಕೆ, ಏಲಕ್ಕಿ 4, ಲಾವಂಚದ ಬೇರು ಒಂದು ಚಿಕ್ಕ ಹಿಡಿ, ಉಪ್ಪು ಒಂದು ಚಿಟಿಕೆ.

ಲಾವಂಚ ಗ್ರಂಥಿಗೆ ಅಂಗಡಿಯಲ್ಲಿ ಕೇಳಿ. ಬೆಲ್ಲ ತರುವಾಗ ಬಣ್ಣಕ್ಕೆ ಮರುಳಾಗಬೇಡಿ. ಕಣ್ಣಿಗೆ ಹೊಡೆಯುವ ಹಳದಿ ಬೆಲ್ಲಕ್ಕೆ ರಾಸಾಯನಿಕ ಹಾಕಿ ಬಿಳುಪು ತರಿಸಿರುವುದುಂಟು. ಪಾನಕಕ್ಕೆ ಕಂದು ಬಣ್ಣದ ಬೆಲ್ಲವೇ ಸರಿ.

ಮಾಡುವ ಕ್ರಮ

ಹಿಂದಿನ ರಾತ್ರಿ ಲಾವಂಚವನ್ನು ಮೂರು-ನಾಲ್ಕು ನೀರಿನಲ್ಲಿ ತೊಳೆದು ಮಣ್ಣು ತೆಗೆಯಿರಿ. ಕುದಿಸಿ ಆರಿಸಿದ ನೀರಿನಲ್ಲಿ ನೆನೆಹಾಕಿ ಮುಚ್ಚಿಡಿ. ಮಣ್ಣಿನ ಹೂಜಿಯಿದ್ದರೆ ಅದರಲ್ಲೇ ಇಡಿ. ತಂಪೂ ಆಗುತ್ತದೆ, ಘಮವೂ ಇಳಿಯುತ್ತದೆ.

ಬೆಳಿಗ್ಗೆ ಮೆಣಸು, ಶುಂಠಿ, ಲವಂಗ, ಚಕ್ಕೆಗಳನ್ನು ಒರಟಾಗಿ ಜಜ್ಜಿ, ಒಂದು ಬಟ್ಟಲು ನೀರಿನಲ್ಲಿ ಐದು ನಿಮಿಷ ಕುದಿಸಿ ಇಳಿಸಿ. ಹೇರಳೆಯ ಮೇಲಿನ ಹಸಿರು ಸಿಪ್ಪೆಯನ್ನು ತೆಳ್ಳಗೆ ಹೆರೆಯಿರಿ. ಪರಿಮಳವಿರುವುದು ಅದರಲ್ಲೇ. ಒಳಗಿನ ಬಿಳಿ ಭಾಗದಿಂದ ಕಡಲೆಬೀಜದಷ್ಟು ಎರಡು ಚೂರು ಮಾತ್ರ ತೆಗೆದುಕೊಳ್ಳಿ. ಕಹಿ ಇರುವುದು ಅದರಲ್ಲಿ. ಎರಡನ್ನೂ ಇಳಿಸಿದ ಕಷಾಯಕ್ಕೆ ಹಾಕಿ ಹತ್ತು ನಿಮಿಷ ಮುಚ್ಚಿಟ್ಟು ಸೋಸಿ. ಸಿಪ್ಪೆಯನ್ನು ಕುದಿಸಲೇಬಾರದು. ಕುದಿಸಿದಿರೋ, ಪಾನಕ ಹೋಗಿ ಔಷಧಿಯಾಗುತ್ತದೆ!

ಬಿಸಿ ಕಷಾಯದಲ್ಲೇ ಬೆಲ್ಲ ಕರಗಿಸಿ, ತೆಳು ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿದರೆ ಮರಳು-ಕಸ ನಿಲ್ಲುತ್ತದೆ. ಪೂರ್ತಿ ಆರಿದ ಮೇಲೆ ಲಾವಂಚದ ನೀರು ಸೋಸಿ ಬೆರೆಸಿ. ಕೊನೆಗೆ ಹುಳಿರಸ, ಏಲಕ್ಕಿಪುಡಿ, ಉಪ್ಪು. ಬಿಸಿಯಲ್ಲಿ ಹುಳಿ ಹಿಂಡಿದರೆ ಅದರ ಘಮ ಹಾರಿಹೋಗುತ್ತದೆ.

ಬೆಲ್ಲ ಸಾಮಾನ್ಯ ಪಾನಕಕ್ಕಿಂತ ಕಾಲುಭಾಗ ಕಡಿಮೆ. ಆದರೂ ಕಡಿಮೆ ಎನಿಸುವುದಿಲ್ಲ. ಕೊನೆಯಲ್ಲಿ ಉಳಿಯುವ ಆ ಸಣ್ಣ ಕಹಿಯಿಂದ ಬಾಯಿ ಅಂಟಂಟಾಗದೆ, ಇನ್ನೊಂದು ಗುಟುಕು ಬೇಕೆನಿಸುತ್ತದೆ.

ಕೆಲವು ಕಿವಿಮಾತುಗಳು

1. ರುಚಿ ನೋಡುವುದು ತಣ್ಣಗಾದ ಮೇಲೆಯೇ. ತಂಪಿನಲ್ಲಿ ಸಿಹಿ ಕಡಿಮೆ ತೋರುತ್ತದೆ.

2. ಕಹಿ ಜಾಸ್ತಿಯಾಯಿತೇ? ಬೆಲ್ಲಕ್ಕೆ ಕೈ ಹಾಕಬೇಡಿ, ಇನ್ನೊಂದು ಚಿಟಿಕೆ ಉಪ್ಪು ಹಾಕಿ. ಉಪ್ಪಿಗೆ ಕಹಿಯನ್ನು ತಗ್ಗಿಸುವ ಗುಣವಿದೆ. ಹಾಗಲಕಾಯಿಗೆ ಉಪ್ಪು ಸವರಿಡುವ ನಿಮಗೆ ಇದು ಹೊಸದೇನಲ್ಲ.

3. ಹೇರಳೆ ಸಿಗದ ಊರಿನಲ್ಲಿ ನಿಂಬೆಯ ಸಿಪ್ಪೆ ಆದೀತು. ಯುಗಾದಿಗೆ ತಂದ ಬೇವಿನ ಹೂವು ಉಳಿದಿದ್ದರೆ ನೆರಳಲ್ಲಿ ಒಣಗಿಸಿ, ಬೆಚ್ಚಗೆ ಹುರಿದು, ಸಿಪ್ಪೆಯ ಬದಲು ಒಂದು ಚಿಟಿಕೆ ಹಾಕಬಹುದು. ಬಸುರಿಯರಿರುವ ಮನೆಯಲ್ಲಿ ಬೇವು ಬೇಡ, ಸಿಪ್ಪೆಯೇ ಇರಲಿ.

4. ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಬೆರೆತ ಪಾನಕ ಇಡಬಾರದು. ಲೋಹ ಬಿಟ್ಟುಕೊಂಡು ಹೊಟ್ಟೆ ಕೆಡುತ್ತದೆ. ಸ್ಟೀಲು, ಗಾಜು, ಮಣ್ಣು ವಾಸಿ.

5. ಪಚ್ಚಕರ್ಪೂರ ಹಾಕುವ ರೂಢಿ ಇದ್ದವರು ಸಾಸಿವೆಗಿಂತ ಚಿಕ್ಕ ಚೂರು ಹಾಕಿ. ಆರತಿ ಕರ್ಪೂರ ವಿಷ, ಅದನ್ನು ಹಾಕಲೇಬಾರದು. ಚಿಕ್ಕ ಮಕ್ಕಳು ಕುಡಿಯುವ ಪಾನಕಕ್ಕೆ ಯಾವ ಕರ್ಪೂರವೂ ಬೇಡ.

ಇನ್ನು ಸಕ್ಕರೆ ಕಾಯಿಲೆಯವರ ಮಾತು. "ಸಕ್ಕರೆ ಅಲ್ಲವಲ್ಲ, ಬೆಲ್ಲ ತಾನೇ" ಎಂದು ಅನೇಕರು ಸಮಾಧಾನ ಮಾಡಿಕೊಳ್ಳುತ್ತಾರೆ. ಇದು ತಪ್ಪು ತಿಳಿವಳಿಕೆ. ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಬೆಲ್ಲ ಹಿಂದೆ ಬಿದ್ದಿಲ್ಲ. ಕಹಿ ಬೆರೆತರೆ ಸಿಹಿಯ ದೋಷ ಕಳೆಯಿತು ಎಂಬುದೂ ಸುಳ್ಳು. ಮೇಲಿನ ಅಳತೆಯಲ್ಲೂ ಒಂದು ಲೋಟಕ್ಕೆ 25 ಗ್ರಾಂ ಬೆಲ್ಲ ಬೀಳುತ್ತದೆ. ಆದ್ದರಿಂದ ಅತ್ತೆ-ಮಾವನಿಗೆ ಈ ಕಾಯಿಲೆ ಇದ್ದರೆ ಪ್ರಸಾದಕ್ಕೆಂದು ಒಂದು ಉದ್ಧರಣೆ ಕೊಟ್ಟು, ಬಾಯಾರಿಕೆಗೆ ಬೇರೆ ಮಾಡಿ. ಬೆಲ್ಲ ಹಾಕುವ ಮೊದಲೇ ಸ್ವಲ್ಪ ಕಷಾಯ ತೆಗೆದಿಟ್ಟು ಲಾವಂಚದ ನೀರು, ನಿಂಬೆ, ಉಪ್ಪು ಬೆರೆಸಿದರಾಯಿತು. ಹಬ್ಬದ ದಿನ ಹಿರಿಯರ ಲೋಟ ಖಾಲಿ ಉಳಿಯಬಾರದಲ್ಲವೇ?

ಪೆಂಡಾಲಿನಲ್ಲಿ ಪಾನಕ ಹಂಚುವ ಮಹಿಳಾ ಸಮಾಜದವರಿಗೂ ಒಂದು ಮಾತು. ಬೇಸಗೆಯಲ್ಲಿ ವಾಂತಿಭೇದಿ, ವಿಷಮಶೀತಜ್ವರ ಹರಡುವುದು ಕೆಟ್ಟ ನೀರಿನಿಂದ. ಹಂಡೆ ಎಷ್ಟೇ ದೊಡ್ಡದಿರಲಿ, ಹಿಂದಿನ ದಿನವೇ ನೀರು ಕುದಿಸಿ ಆರಿಸಿ. ಅಂಗಡಿಯ ಮಂಜುಗಡ್ಡೆ ಹಾಕಬೇಡಿ. ಅದು ಕುಡಿಯುವ ನೀರಿನದೇ ಎಂದು ಯಾರು ಹೇಳಬಲ್ಲರು? ಹಂಡೆಯ ಬಾಯಿಗೆ ಬಟ್ಟೆ ಕಟ್ಟಿ, ಉದ್ದ ಹಿಡಿಯ ಸೌಟಿನಿಂದಲೇ ಬಗ್ಗಿಸಿ ಕೊಡಿ.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತದೆ ಗಾದೆ. ಊಟ ಬಲ್ಲವರನ್ನು ತಯಾರು ಮಾಡುವುದು ಅಡಿಗೆಮನೆಯಲ್ಲಿ, ಅದೂ ಮಕ್ಕಳ ನಾಲಿಗೆ ಎಳೆಯದಾಗಿರುವಾಗಲೇ. ಮೊದಲ ವರ್ಷ ಸಿಪ್ಪೆಯನ್ನು ಐದೇ ನಿಮಿಷ ನೆನೆಸಿ. ಮಕ್ಕಳಿಗೆ ಒಗ್ಗಿದ ಮೇಲೆ ಹತ್ತು ನಿಮಿಷ ಮಾಡಿ.