ಕಾಲು ಬಾತರೆ ನೀರು ಕುಡಿಯುವುದನ್ನು ಬಿಡಬೇಕೆ?

ಮಠಕ್ಕೆ ಬರುವ ಹಿರಿಯರು ಪಾದರಕ್ಷೆ ಕಳಚಿ ಕುಳಿತಾಗ ಅನೇಕರ ಪಾದಗಳಲ್ಲಿ ಬಾವು ಇರುವುದನ್ನು ಕಾಣುತ್ತೇವೆ. ‘ಮೈಯಲ್ಲಿ ನೀರು ತುಂಬಿದೆ, ಅದಕ್ಕೇ ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದೇನೆ’ ಎಂದು ಹೇಳುವವರೂ ಇದ್ದಾರೆ.

ಈ ತಿಳಿವಳಿಕೆ ಅರ್ಧ ಮಾತ್ರ ಸರಿ. ನೀರು ನಿಂತಿರುವುದು ನಿಜ; ಆದರೆ ಅದನ್ನು ಹಿಡಿದಿಡುವುದರಲ್ಲಿ ಉಪ್ಪಿನ ಪಾತ್ರ ದೊಡ್ಡದು. ಆಸ್ಪತ್ರೆಯಲ್ಲಿ ಏರಿಸುವ ಸಾಮಾನ್ಯ ಸಲೈನ್ ದ್ರಾವಣದ ಒಂದು ಲೀಟರಿನಲ್ಲಿ 9 ಗ್ರಾಂ ಉಪ್ಪಿರುತ್ತದೆ. ಮೂತ್ರಪಿಂಡಗಳು ಹೊರಹಾಕದೆ ಶರೀರದಲ್ಲಿ ಉಳಿದ ಉಪ್ಪು ಸುಮಾರಾಗಿ ಇದೇ ಲೆಕ್ಕದಲ್ಲಿ ನೀರನ್ನೂ ತನ್ನೊಡನೆ ಉಳಿಸಿಕೊಳ್ಳುತ್ತದೆ. ಹೀಗಿರುವಾಗ ಉಪ್ಪನ್ನು ಬಿಡದೆ ನೀರನ್ನು ಮಾತ್ರ ಬಿಟ್ಟವರಿಗೆ ಬಾಯಾರಿಕೆಯೇ ಉಳಿಯುತ್ತದೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳ ಕೆಲವರಿಗೆ ವೈದ್ಯರು ನೀರಿನ ಮಿತಿಯನ್ನು ಹೇಳಿರುತ್ತಾರೆ. ಅವರು ಅದನ್ನೇ ಪಾಲಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಸಣ್ಣ ಚಮಚೆಯೊಳಗೆ, ಉಪ್ಪು ಸಾಕೆಂದು ಹೇಳುತ್ತದೆ. ನಮ್ಮ ಬಹಳಷ್ಟು ಮನೆಗಳಲ್ಲಿ ಜೋಳದ ರೊಟ್ಟಿಗೆ ಉಪ್ಪು ಹಾಕುವುದೇ ಇಲ್ಲ. ರೊಟ್ಟಿಯ ಪಕ್ಕದಲ್ಲಿ ಕುಳಿತ ಶೇಂಗಾ ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ ಉಪ್ಪು ಬರುತ್ತದೆ. ಸಂಜೆಯ ಭಜಿ, ಖಾರಾ ಅದಕ್ಕೆ ಸೇರಿಕೊಳ್ಳುತ್ತವೆ. ಸೈಂಧವ ಲವಣಕ್ಕೆ ಬದಲಾಯಿಸಿದರೆ ಪರಿಹಾರವಾಯಿತೆಂಬ ನಂಬಿಕೆಯೂ ಉಂಟು. ಅದರಲ್ಲಿರುವುದೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಅಂಗಡಿಯಲ್ಲಿ ದೊರೆಯುವ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡ ದುರ್ಬಲವಾದವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ದಿನವಿಡೀ ನಿಂತು ದುಡಿದವರಿಗೆ, ಇಡೀ ರಾತ್ರಿ ಬಸ್ಸಿನಲ್ಲಿ ಕುಳಿತು ಬಂದವರಿಗೆ ಬರುವ ಬಾವು ಬಹುಮಟ್ಟಿಗೆ ನಿರಪಾಯಕಾರಿ. ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ಕುಳಿತಲ್ಲೇ ಇದ್ದರೆ ಆ ಕೆಲಸ ನಿಲ್ಲುತ್ತದೆ. ಮಲಗಿ, ಕಾಲ ಕೆಳಗೆ ದಿಂಬುಗಳನ್ನಿಟ್ಟು ಎದೆಯ ಮಟ್ಟಕ್ಕಿಂತ ಮೇಲಿರಿಸಿದರೆ ಇಂಥ ಬಾವು ಇಳಿಯುತ್ತದೆ.

ಇಳಿಯದ ಬಾವನ್ನು ಮನೆಮದ್ದಿಗೆ ಬಿಡಬಾರದು. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಬೆರಳೊತ್ತಿ ತೆಗೆದಾಗ ಕುಳಿ ಉಳಿದರೆ, ಬೆಳಿಗ್ಗೆ ಕಣ್ಣಿನ ಸುತ್ತ ಊದಿ ಮೂತ್ರದಲ್ಲಿ ನೊರೆ ಕಂಡರೆ, ಎರಡು ಮೂರು ದಿನಗಳಲ್ಲಿ ಎರಡು ಕಿಲೋ ತೂಕ ಏರಿದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಮಲಗಿದಾಗ ಉಸಿರು ಕಟ್ಟಿದರೆ, ಒಂದೇ ಕಾಲು ಹಠಾತ್ತನೆ ಬಾತು ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆ ಸೇರಬೇಕು. ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿರುವ ಆ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಲೇಬಾರದು. ಗರ್ಭಿಣಿಯರ ಮುಖ, ಕೈಗಳು ಒಮ್ಮೆಲೇ ಊದಿಕೊಂಡು ತಲೆನೋವು ಬಂದರೂ ಇದೇ ಮಾತು.

ನಮಗೆ ಹೆಚ್ಚು ಆತಂಕವಾಗುವುದು ನೆರೆಯವರ ನೀರಿಳಿಸುವ ಮಾತ್ರೆಯನ್ನು ತಾವೂ ನುಂಗುವವರನ್ನು ಕಂಡಾಗ. ಅದರಿಂದ ಸೋಡಿಯಂ, ಪೊಟ್ಯಾಸಿಯಂ ಕುಸಿಯಬಹುದು. ಏಳುವಾಗ ತಲೆಸುತ್ತಿ ಬಿದ್ದ ವೃದ್ಧರು ಸೊಂಟ ಮುರಿದುಕೊಳ್ಳಬಹುದು. ಇನ್ನು ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಕೆಲವರ ಪಾದ ಬಾಯುತ್ತದೆ. ಅಂಥವರು ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಔಷಧಿಯ ಚೀಟಿಯನ್ನು ಕೊಂಡೊಯ್ದು ವೈದ್ಯರಿಗೆ ತೋರಿಸಬೇಕು.