ಬೀಟಲ್‌ನ ಮುಂಗಾಲು ಗಟ್ಟಿ ಮಾಡೋದು ಹೇಗೆ? ಮೊದಲು ಎಲ್ಲಿ ಮುರಿಯುತ್ತೆ ಅಂತ ನೋಡೋಣ

ಮೊದಲಿಗೆ ಒಂದು ತಪ್ಪೊಪ್ಪಿಗೆ. ಹಿಂದಿನ ಎಪಿಸೋಡ್‌ನಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಬಗ್ಗೆ ಮಾತಾಡ್ತಾ, ಅದರ ಮುಂದಿನ ಚಕ್ರಗಳ ಮೇಲೆ ಕಾಯಿಲ್ ಸ್ಪ್ರಿಂಗ್ ಇದೆ ಅಂದುಬಿಟ್ಟೆ. ಕೇಳುಗರು ಸುಮ್ನೆ ಬಿಡಲಿಲ್ಲ. ಸರಿಯಾಗೇ ಬೈದ್ರು. ಕಾಯಿಲ್ ಸ್ಪ್ರಿಂಗ್ ಬಂದಿದ್ದು 1970ರಲ್ಲಿ ಶುರುವಾದ ಸೂಪರ್ ಬೀಟಲ್‌ಗೆ. ಮಾಮೂಲಿ ಬೀಟಲ್‌ನಲ್ಲಿ ಇರೋದೇ ಬೇರೆ, ಮತ್ತು ಅದು ನಾನು ಅಂದುಕೊಂಡಿದ್ದಕ್ಕಿಂತ ತುಂಬಾ ಮಜವಾಗಿದೆ. ನಾನು ಓದಿದ್ದು ಬಿ.ಕಾಂ. ಸ್ಪ್ಯಾನರ್ ಹಿಡಿದು ಹೊಟ್ಟೆ ಹೊರೆಯೋನಲ್ಲ. ಆದರೆ ಲೋಡ್ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಹಿಂದೆ ಬಿದ್ದು ನೋಡೋದು ಲೆಡ್ಜರ್ ಬರೆದಷ್ಟೇ ಕೆಲಸ. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಬಂದೇ ಬರಬೇಕು.

ಬೀಟಲ್‌ನ ಮುಂದಿನ ಬಾನೆಟ್ ಎತ್ತಿದ್ರೆ ಎಂಜಿನ್ ಇರಲ್ಲ. ಗಾಳಿಯಿಂದ ತಂಪಾಗೋ ಎಂಜಿನ್ ಹಿಂದೆ ಇದೆ, ರೇಡಿಯೇಟರ್ ಇಲ್ಲವೇ ಇಲ್ಲ. ಮುಂದೆ ಇರೋದು ಸ್ಟೆಪ್ನಿ, ಪೆಟ್ರೋಲ್ ಟ್ಯಾಂಕ್, ಅದರ ಕೆಳಗೆ ಅಡ್ಡಡ್ಡಲಾಗಿ ಎರಡು ಉಕ್ಕಿನ ಟ್ಯೂಬ್. ಒಂದರ ಮೇಲೊಂದು. ಇದನ್ನೇ ಫ್ರಂಟ್ ಬೀಮ್ ಅಂತಾರೆ. ಪ್ರತಿ ಟ್ಯೂಬ್ ಒಳಗೆ ತೆಳು ಉಕ್ಕಿನ ಪಟ್ಟಿಗಳ ಒಂದು ಕಟ್ಟು. ಆ ಕಟ್ಟನ್ನ ಮಧ್ಯದಲ್ಲಿ ಒಂದು ಸ್ಕ್ರೂ ಹಾಕಿ ಬಿಗಿದಿರ್ತಾರೆ. ಎರಡೂ ತುದಿಗೆ ಒಂದೊಂದು ತೋಳು, ಅಂದ್ರೆ ಟ್ರೇಲಿಂಗ್ ಆರ್ಮ್. ಚಕ್ರ ಮೇಲೆದ್ದಾಗ ತೋಳು ತಿರುಗುತ್ತೆ, ಪಟ್ಟಿಗಳ ಕಟ್ಟು ತಿರುಚಿಕೊಳ್ಳುತ್ತೆ, ಮತ್ತೆ ವಾಪಸ್ ತಳ್ಳುತ್ತೆ. ಒದ್ದೆ ಟವೆಲ್ ಹಿಂಡಿದ ಹಾಗೆ. ಮಧ್ಯ ಬಿಗಿ ಇರೋದರಿಂದ ಎಡ ಅರ್ಧ ಎಡ ಚಕ್ರಕ್ಕೆ, ಬಲ ಅರ್ಧ ಬಲ ಚಕ್ರಕ್ಕೆ. ತಿರುಚುವ ಸ್ಪ್ರಿಂಗ್‌ನ ಈ ಐಡಿಯಾಗೆ ಫರ್ಡಿನಾಂಡ್ ಪೋರ್ಶೆ ಅವರ ಕಚೇರಿ ಪೇಟೆಂಟ್ ಅರ್ಜಿ ಹಾಕಿದ್ದು 1931ರಲ್ಲಿ. ಇಡೀ ಬೀಮ್ ಕಾರಿನ ನೆಲದ ಚೌಕಟ್ಟಿನ ಮೂತಿಗೆ, ಅಂದ್ರೆ ಫ್ರೇಮ್ ಹೆಡ್‌ಗೆ, ನಾಲ್ಕು ಬೋಲ್ಟ್‌ನಲ್ಲಿ ಕೂತಿರುತ್ತೆ. ನಾಲ್ಕೇ!

ಟಾರ್ ರೋಡಿಗೆ ಇದು ಸಾಕು. ಧಾರಾಳ ಸಾಕು. ಆದರೆ 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಇದನ್ನ ಮರಳುಗಾಡಿಗೆ ತಗೊಂಡು ಹೋದ್ರು. ಬ್ರೂಸ್ ಮೇಯರ್ಸ್ ಅನ್ನೋರು 1964ರಲ್ಲಿ ಬೀಟಲ್‌ನ ಭಾಗಗಳ ಮೇಲೆ ಫೈಬರ್‌ಗ್ಲಾಸ್ ಬಾಡಿ ಕೂರಿಸಿ ಮೇಯರ್ಸ್ ಮ್ಯಾಂಕ್ಸ್ ಅನ್ನೋ ಡ್ಯೂನ್ ಬಗ್ಗಿ ಮಾಡಿದ್ರು. 1967ರಲ್ಲಿ ಮೆಕ್ಸಿಕೋದ ತಿಹ್ವಾನಾದಿಂದ ಲಾ ಪಾಸ್‌ವರೆಗೆ ಮೊದಲ ಮೆಕ್ಸಿಕನ್ 1000 ರೇಸ್ ನಡೆದಾಗ ಗೆದ್ದಿದ್ದು ಅಂಥದ್ದೇ ಒಂದು ಮ್ಯಾಂಕ್ಸ್. ವಿಕ್ ವಿಲ್ಸನ್, ಟೆಡ್ ಮ್ಯಾಂಗಲ್ಸ್ ಓಡಿಸಿದ್ದು, 27 ಗಂಟೆ 38 ನಿಮಿಷ. ದಾರಿಯ ಹೆಚ್ಚಿನ ಭಾಗ ಕಲ್ಲು, ಮರಳು, ಒಣಗಿದ ಹಳ್ಳ. ಇವತ್ತಿಗೂ ಬಾಹಾ 1000 ರೇಸ್‌ನಲ್ಲಿ ಕ್ಲಾಸ್ 11 ಅಂತ ಒಂದು ವರ್ಗ ಇದೆ, ಹೆಚ್ಚುಕಡಿಮೆ ಕಂಪನಿಯಿಂದ ಬಂದ ಹಾಗೇ ಇರೋ ಬೀಟಲ್‌ಗಳಿಗೆ. ಮುಂಗಾಲು ಗಟ್ಟಿ ಮಾಡೋ ವಿದ್ಯೆಯ ದೊಡ್ಡ ಪಾಲು ಆ ಮರಳಲ್ಲಿ ಮುರಿದುಕೊಂಡೇ ಕಲಿತದ್ದು.

ಹಾಗಾದ್ರೆ ಎಲ್ಲಿ ಮುರಿಯುತ್ತೆ? ಎಲ್ಲರೂ ಸ್ಪ್ರಿಂಗ್ ಅಂದುಕೊಳ್ತಾರೆ. ಸಾಮಾನ್ಯವಾಗಿ ಮೊದಲು ಹೋಗೋದು ಶಾಕ್ ಟವರ್. ಬೀಮ್‌ನ ಎರಡೂ ಕೊನೆಯಲ್ಲಿ ಮೇಲಕ್ಕೆ ಎದ್ದು ನಿಂತ ತಗಡಿನ ಕೊಂಬು ಇದೆಯಲ್ಲ, ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಕೂರೋ ಜಾಗ, ಅದು. ಕಾರು ಹಾರಿ ಬಿದ್ದಾಗ ಶಾಕ್ಸ್ ಪೂರ್ತಿ ಒಳಗೆ ಹೋಗಿ ಟವರನ್ನ ಮೇಲಕ್ಕೆ ಗುದ್ದುತ್ತೆ. ಗಾಳಿಯಲ್ಲಿ ಇದ್ದಾಗ ಚಕ್ರ ಜೋತುಬಿದ್ದು ಶಾಕ್ಸ್ ಪೂರ್ತಿ ಉದ್ದವಾಗಿ ಟವರನ್ನ ಕೆಳಕ್ಕೆ ಜಗ್ಗುತ್ತೆ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಪೇಪರ್ ಕ್ಲಿಪ್ ಬಗ್ಗಿಸಿ ಬಗ್ಗಿಸಿ ಮುರಿದಿದೀರಲ್ಲ, ಅದೇ ಕಥೆ. ಇದರ ಮೇಲೆ ಒಬ್ಬ ಬುದ್ಧಿವಂತ ಬಂದು ಗಡುಸಾದ ಗ್ಯಾಸ್ ಶಾಕ್ಸ್ ಹಾಕಿಸಿದ ಅಂತಿಟ್ಕೊಳ್ಳಿ. ಕಾರು ಗಟ್ಟಿ ಆಯ್ತು ಅಂತ ಅವನಿಗೆ ಖುಷಿ. ನಿಜವಾಗಿ ಆಗಿದ್ದು ಏನು? ಸ್ಪ್ರಿಂಗ್ ಹೊರಬೇಕಾಗಿದ್ದ ಸಾಲವನ್ನ ಟವರಿನ ಖಾತೆಗೆ ಬರೆದಿದಾನೆ.

ಅದಕ್ಕೇ ನನ್ನ ಅಭಿಪ್ರಾಯ, ವೆಲ್ಡಿಂಗ್‌ಗಿಂತ ಮೊದಲು ರಬ್ಬರ್ ಮತ್ತು ಪಟ್ಟಿ. ತೋಳು ಬೀಮ್‌ಗೆ ಬಡಿಯೋ ಜಾಗದ ಬಂಪ್ ಸ್ಟಾಪ್ ರಬ್ಬರ್ ಎಷ್ಟೋ ಹಳೇ ಕಾರುಗಳಲ್ಲಿ ಒಡೆದು ಪುಡಿಯಾಗಿರುತ್ತೆ. ಅದನ್ನ ಹೊಸದು ಹಾಕಿ. ಚಕ್ರ ಜೋತುಬೀಳೋದನ್ನ ತಡೆಯೋಕೆ ನೈಲಾನ್‌ನ ಲಿಮಿಟ್ ಸ್ಟ್ರ್ಯಾಪ್ ಕಟ್ಟಿ. ಇವೆರಡೂ ಇದ್ರೆ ಕೊನೆಯ ಪೆಟ್ಟು ಶಾಕ್ಸ್ ಮೂಲಕ ಹೋಗಲ್ಲ. ಯಾರೂ ಇದನ್ನ ಇನ್‌ಸ್ಟಾದಲ್ಲಿ ಹಾಕಲ್ಲ, ಯಾಕಂದ್ರೆ ಫೋಟೋದಲ್ಲಿ ಏನೂ ಕಾಣಲ್ಲ.

ಆಮೇಲೆ ಕಬ್ಬಿಣದ ಕೆಲಸ. ಟವರ್‌ನ ತಲೆಯಿಂದ ಬೀಮ್‌ನ ಟ್ಯೂಬ್‌ಗೆ ಓರೆಯಾಗಿ ಒಂದು ಆಧಾರ ಕೊಡ್ತಾರೆ. ತ್ರಿಕೋನ ಬಗ್ಗಲ್ಲ, ಅಷ್ಟೇ ಲಾಜಿಕ್. ಬೀಮ್‌ಗೂ ಒಂದು ತೊಂದರೆ ಇದೆ. ಎರಡು ತುದಿಯಲ್ಲಿ ಚಕ್ರಗಳು ಮೇಲಕ್ಕೆ ಒತ್ತುತ್ತವೆ, ಮಧ್ಯದಲ್ಲಿ ಕಾರಿನ ಭಾರ ಕೆಳಕ್ಕೆ ಒತ್ತುತ್ತೆ, ಜೋರಾಗಿ ಬಿದ್ರೆ ಬೀಮ್ ನಗುಮುಖದ ಹಾಗೆ ಬಾಗುತ್ತೆ. ಆಗ ಚಕ್ರಗಳ ನೆತ್ತಿ ಒಳಕ್ಕೆ ವಾಲಿ, ಟೈರ್‌ನ ಒಳ ಅಂಚು ಬೇಗ ಸವೆಯುತ್ತೆ. ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದ್ರೂ ಒಳ ಅಂಚೇ ಸವೀತಾ ಇದ್ರೆ ಬೀಮ್ ಬಾಗಿದೆಯಾ ಅಂತ ಅಳತೆ ಹಾಕಿಸಿ. ಇದಕ್ಕೆ ಟ್ಯೂಬ್‌ಗಳ ಉದ್ದಕ್ಕೂ ಉಕ್ಕಿನ ಪಟ್ಟಿ ಬೆಸೆದು ಟ್ರಸ್ ಮಾಡ್ತಾರೆ.

ಇಲ್ಲಿ ಒಂದು ಸೂಕ್ಷ್ಮ. ಪಟ್ಟಿ ಚೌಕಾಕಾರವಾಗಿ ಥಟ್ಟನೆ ನಿಂತುಹೋದ್ರೆ, ನಿಂತ ಜಾಗದಲ್ಲೇ ಹೊಸ ಬಿರುಕು ಬರುತ್ತೆ. ಶಾಂಪೂ ಸ್ಯಾಷೆಯ ಅಂಚಿನಲ್ಲಿ ಸಣ್ಣ ಕಚ್ಚು ಇರುತ್ತಲ್ಲ, ಎಳೆದರೆ ಅಲ್ಲಿಂದಲೇ ಹರಿಯೋದು. ಗಟ್ಟಿ ಭಾಗ ಮುಗಿದು ತೆಳು ಭಾಗ ಶುರುವಾಗೋ ಅಂಚು ಅಂಥ ಕಚ್ಚಿನ ಹಾಗೆ. ಅದಕ್ಕೇ ಒಳ್ಳೆ ಕೆಲಸಗಾರರು ಪಟ್ಟಿಯ ಕೊನೆಯನ್ನ ಚೂಪಾಗಿ ಇಳಿಸಿ ಬಿಡ್ತಾರೆ. ಮೂರು ಪಟ್ಟು ದಪ್ಪದ ಪ್ಲೇಟ್ ಹಾಕೋದು ಪೌರುಷ ಅಲ್ಲ, ಪೆದ್ದುತನ.

ಇನ್ನು ಬೆಂಕಿ. ಟ್ಯೂಬ್ ಒಳಗೆ ದಶಕಗಳ ಗ್ರೀಸ್ ಇರುತ್ತೆ, ತಲೆ ಮೇಲೆ ಪೆಟ್ರೋಲ್ ಟ್ಯಾಂಕ್ ಇರುತ್ತೆ. ಬೀಮ್ ಕಾರಲ್ಲೇ ಇರುವಾಗ "ಒಂದೇ ಒಂದು ಟ್ಯಾಕ್ ಹಾಕ್ತೀನಿ ಸಾರ್" ಅನ್ನೋರ ಹತ್ತಿರ ಕಾರು ಬಿಡಬೇಡಿ. ಬ್ಯಾಟರಿ ಕಳಚಿ, ಟ್ಯಾಂಕ್ ಇಳಿಸಿ, ಬೀಮ್ ಬಿಚ್ಚಿ ಹೊರಗೆ ತೆಗೆದು, ಪಟ್ಟಿಗಳ ಕಟ್ಟು, ಬೇರಿಂಗ್, ಬುಷ್ ಎಲ್ಲ ಹೊರಗೆ ಹಾಕಿ, ಗ್ರೀಸ್ ತೊಳೆದು, ಆಮೇಲೆ ವೆಲ್ಡಿಂಗ್. ಅದೂ ಒಂದೇ ಉಸಿರಿಗೆ ಉದ್ದ ಗೆರೆ ಎಳೆಯೋದಲ್ಲ. ಇಲ್ಲೊಂದು ಚೂರು, ಅಲ್ಲೊಂದು ಚೂರು, ತಣ್ಣಗಾಗೋಕೆ ಬಿಟ್ಟು. ಇಲ್ಲಾಂದ್ರೆ ಶಾಖಕ್ಕೆ ಟ್ಯೂಬ್ ಸೊಟ್ಟಗಾಗುತ್ತೆ, ಬೇರಿಂಗ್ ಸರಿಯಾಗಿ ಕೂರಲ್ಲ, ತೋಳು ಹಿಡ್ಕೊಳ್ಳುತ್ತೆ. ಗಟ್ಟಿ ಆಯ್ತು, ಆದರೆ ಸಸ್ಪೆನ್ಷನ್ನೇ ಇಲ್ಲ! ತೋಳು, ಸ್ಪಿಂಡಲ್ ಇವುಗಳನ್ನಂತೂ ಕಾಯಿಸಿ ನೇರ ಮಾಡೋದು, ಬೆಸೆಯೋದು ಬೇಡವೇ ಬೇಡ. ಬಾಗಿದ್ರೆ ಬದಲಾಯಿಸಿ. 100 ಕಿಲೋಮೀಟರ್ ವೇಗದಲ್ಲಿ ಮುಂದಿನ ಒಂದು ಚಕ್ರ ಬಿಟ್ಟುಹೋದ್ರೆ ಏನಾಗುತ್ತೆ ಅಂತ ನಾನು ವಿವರಿಸಬೇಕಾಗಿಲ್ಲ.

"ಲಿಂಕ್ ಪಿನ್ ಒಳ್ಳೆಯದಾ, ಬಾಲ್ ಜಾಯಿಂಟಾ" ಅಂತ ಕೇಳಿದವರಿಗೆ ಚಿಕ್ಕ ಉತ್ತರ. 1965ರ ಮಾಡೆಲ್‌ವರೆಗೆ ಲಿಂಕ್ ಪಿನ್, 1966ರ ಮಾಡೆಲ್‌ನಿಂದ ಬಾಲ್ ಜಾಯಿಂಟ್. ಮರಳಲ್ಲಿ ಓಡಿಸೋರು ಹಳೇ ಲಿಂಕ್ ಪಿನ್‌ನೇ ಇಷ್ಟಪಡ್ತಾರೆ, ತೋಳು ಗಟ್ಟಿ ಅಂತ. ಆದರೆ ಅದಕ್ಕೆ ಆಗಾಗ ಗ್ರೀಸ್ ಹೊಡೀಲೇಬೇಕು. ಎರಡರ ಟ್ಯೂಬ್‌ಗಳ ನಡುವಿನ ಅಂತರ ಬೇರೆ, ಆದ್ದರಿಂದ ಒಂದನ್ನ ಬಿಚ್ಚಿ ಇನ್ನೊಂದನ್ನ ಹಾಗೇ ಬೋಲ್ಟ್ ಮಾಡೋಕೆ ಆಗಲ್ಲ.

ಈಗ ಲೆಡ್ಜರ್‌ನ ಕೊನೇ ಸಾಲು. ಟವರ್ ಗಟ್ಟಿ ಆಯ್ತು, ಬೀಮ್ ಗಟ್ಟಿ ಆಯ್ತು. ಪೆಟ್ಟು ಎಲ್ಲಿಗೆ ಹೋಯ್ತು? ಆ ನಾಲ್ಕು ಬೋಲ್ಟ್‌ಗೆ, ಅವು ಕೂತಿರೋ ಫ್ರೇಮ್ ಹೆಡ್‌ಗೆ. ಹಳೇ ಬೀಟಲ್‌ನಲ್ಲಿ ನೀರು, ಕೆಸರು ಸೇರಿ ತುಕ್ಕು ಹಿಡಿಯೋ ಜಾಗವೂ ಅದೇ. ಮೇಲೆ ಕಪ್ಪು ಅಂಡರ್‌ಕೋಟ್ ಬಳಿದು ಹೊಳೀತಾ ಇರುತ್ತೆ, ಸ್ಕ್ರೂಡ್ರೈವರ್ ಚುಚ್ಚಿದ್ರೆ ಹಪ್ಪಳದ ಹಾಗೆ ಒಳಗೆ ಹೋಗುತ್ತೆ. ಅಂಥ ಫ್ರೇಮ್ ಹೆಡ್‌ಗೆ ಗಟ್ಟಿ ಬೀಮ್ ಕೂರಿಸಿದ್ರೆ, ಮೊದಲು ಬಾಗಿ ಎಚ್ಚರಿಕೆ ಕೊಡ್ತಿದ್ದ ಭಾಗ ಈಗ ಬಾಗಲ್ಲ, ತುಕ್ಕು ಹಿಡಿದಿದ್ದು ಸೀದಾ ಕಿತ್ತು ಬರುತ್ತೆ. ಹಾಗಾಗಿ ಹಳೇ ಬೀಟಲ್ ನೋಡೋಕೆ ಹೋದಾಗ ಬಾನೆಟ್ ಎತ್ತೋ ಮೊದಲು ಕೆಳಗೆ ಮಲಗಿ, ಟಾರ್ಚ್ ಬಿಟ್ಟು, ಓನರ್ ಅನುಮತಿ ಕೇಳಿ ಆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಅವರು ಬೇಡ ಅಂದ್ರೆ ಅದೂ ಒಂದು ಉತ್ತರವೇ.

ಕೆಲಸ ಮಾಡಿಸಿದ ಮೇಲೆ ಮೊದಲ ಕೆಲವು ದಿನ ಓಡಿಸಿ, ಆ ನಾಲ್ಕು ಬೋಲ್ಟ್‌ಗಳನ್ನ ಟಾರ್ಕ್ ರೆಂಚ್‌ನಲ್ಲಿ ಮತ್ತೆ ಒಮ್ಮೆ ನೋಡಿಸಿ. ಬೆಸುಗೆಯ ಅಂಚಿನಲ್ಲಿ ಪೇಂಟ್ ಕೂದಲೆಳೆಯಷ್ಟು ಸೀಳಿದ್ರೂ ಕಾರು ನಿಲ್ಲಿಸಿ.