ಟ್ರಕ್ಕೇ ಮನೆಯ ಯುಪಿಎಸ್ ಆದರೆ?

ಕರೆಂಟ್ ಹೋದರೆ ನಮ್ಮ ಕಣ್ಣು ಮೊದಲು ಹೋಗುವುದು ಯುಪಿಎಸ್ ಕಡೆಗೆ. ಅಮೆರಿಕದಲ್ಲಿ ಕೆಲವರ ಕಣ್ಣು ಈಗ ಮನೆಮುಂದೆ ನಿಂತ ಟ್ರಕ್ ಕಡೆಗೆ ಹೋಗುತ್ತದೆ! 2022ರಲ್ಲಿ ಮಾರುಕಟ್ಟೆಗೆ ಬಂದ ಫೋರ್ಡ್ ಎಫ್-150 ಲೈಟ್ನಿಂಗ್ ಎಂಬ ಎಲೆಕ್ಟ್ರಿಕ್ ಪಿಕಪ್ ಟ್ರಕ್, ಸೂಕ್ತ ಉಪಕರಣ ಅಳವಡಿಸಿಕೊಂಡರೆ ಇಡೀ ಮನೆಗೆ ವಿದ್ಯುತ್ ಕೊಡಬಲ್ಲದು. 2021ರ ಫೆಬ್ರುವರಿಯ ಹಿಮಗಾಳಿಗೆ ಟೆಕ್ಸಾಸ್‌ನ ಲಕ್ಷಾಂತರ ಮನೆಗಳು ಕತ್ತಲಲ್ಲಿ ನಡುಗಿದ್ದನ್ನು ನೆನೆದರೆ, ಇದು ಬರೀ ಶೋಕಿ ಅಲ್ಲ ಎನ್ನುವುದು ತಿಳಿಯುತ್ತದೆ.

ಲೆಕ್ಕ ನೋಡೋಣ. ಈ ಟ್ರಕ್‌ನ ದೊಡ್ಡ ಬ್ಯಾಟರಿಯ ಸಾಮರ್ಥ್ಯ 131 ಯೂನಿಟ್. ನಮ್ಮ ಮನೆಗಳಲ್ಲಿರುವ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯದ್ದು ಬರೀ 1.8 ಯೂನಿಟ್. ಅಂದರೆ ಇಂಥ 72 ಬ್ಯಾಟರಿಗಳಷ್ಟು ಶಕ್ತಿ ನಾಲ್ಕು ಚಕ್ರದ ಮೇಲೆ! ದಿನಕ್ಕೆ ನಾಲ್ಕು ಯೂನಿಟ್ ಬಳಸುವ ನಮ್ಮಂಥ ಮನೆಗೆ, ನಷ್ಟ ಕಳೆದರೂ ಮೂರು ವಾರ ಸಾಕು.

ಆದರೆ ಬ್ಯಾಟರಿಯಲ್ಲಿರುವುದು ಡಿಸಿ, ಮನೆಗೆ ಬೇಕಿರುವುದು ಎಸಿ. ಹಾಗಾಗಿ ಗೋಡೆಯ ಮೇಲೊಂದು ಇನ್ವರ್ಟರ್ ಬೇಕು. ಲೈಟ್ನಿಂಗ್ ವ್ಯವಸ್ಥೆಯಲ್ಲಿ ಒಮ್ಮೆಗೆ 9.6 ಕಿಲೋವಾಟ್‌ವರೆಗೆ ಸಿಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ಟ್ರಾನ್ಸ್‌ಫರ್ ಸ್ವಿಚ್. ಕರೆಂಟ್ ಹೋದ ಕೂಡಲೇ ಅದು ಮನೆಯನ್ನು ಹೊರಗಿನ ಲೈನ್‌ನಿಂದ ಬೇರ್ಪಡಿಸುತ್ತದೆ. ಆಮೇಲಷ್ಟೇ ಟ್ರಕ್‌ನ ವಿದ್ಯುತ್ ಒಳಗೆ ಬರುತ್ತದೆ.

ಈ ಸ್ವಿಚ್ ಯಾಕೆ ಮುಖ್ಯ ಎನ್ನುವುದನ್ನು ನನಗೆ ಪಠ್ಯಪುಸ್ತಕಕ್ಕಿಂತ ಮೊದಲು ಹೇಳಿಕೊಟ್ಟವರು ಅಪ್ಪ. ಅವರು ಲೈನ್‌ಮನ್. ಟ್ರಾನ್ಸ್‌ಫಾರ್ಮರ್‌ಗೆ ಮುಂದೆ-ಹಿಂದೆ ಎಂಬುದಿಲ್ಲ. ಮನೆಯ 230 ವೋಲ್ಟ್ ತಪ್ಪಿ ಲೈನಿಗೆ ಹರಿದರೆ, ಅದೇ ಟ್ರಾನ್ಸ್‌ಫಾರ್ಮರ್ ಅದನ್ನು ಆಚೆ ಬದಿಯಲ್ಲಿ 11,000 ವೋಲ್ಟ್ ಮಾಡಿಬಿಡಬಲ್ಲದು. ‘ಲೈನ್ ಆಫ್ ಆಗಿದೆ’ ಎಂದು ಕಂಬ ಹತ್ತಿದವರ ಗತಿ? ಅದಕ್ಕೇ ಅಪ್ಪ ಆಫ್ ಆದ ಲೈನನ್ನೂ ಅರ್ತ್ ಮಾಡದೆ ಮುಟ್ಟುವುದಿಲ್ಲ. ಜನರೇಟರ್ ವೈರನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಮನೆ ಬೆಳಗಿಸುವ ಜಾಣರ ಬಗ್ಗೆ ಅವರಿಗೆ ಭಯ, ಸಿಟ್ಟು ಎರಡೂ ಇವೆ.

ನಮ್ಮಲ್ಲೂ ಈ ದಾರಿ ತೆರೆದಿದೆ. 2023ರ ಟಾಟಾ ನೆಕ್ಸಾನ್ ಇವಿಯಿಂದ ಹೊರಗಿನ ಉಪಕರಣಗಳನ್ನು ನಡೆಸಬಹುದು. ಆದರೆ ಕಾರಿನಿಂದ ಒಂದು ಮಿಕ್ಸಿ ಓಡಿಸುವುದು ಬೇರೆ, ಮನೆಯ ವೈರಿಂಗ್‌ಗೇ ಜೋಡಿಸುವುದು ಬೇರೆ. ಎರಡನೆಯದಕ್ಕೆ ಇನ್ವರ್ಟರ್, ಸ್ವಿಚ್, ಅರ್ತಿಂಗ್, ತಿಳಿದ ಎಲೆಕ್ಟ್ರಿಷಿಯನ್ ಎಲ್ಲವೂ ಬೇಕು.

ಗೆಳೆಯರೇ, ನಮಗೆ ಕೆಲಸ ಇರುವುದೂ ಇಲ್ಲೇ. ನನ್ನ ಕ್ಲಾಸಿನಲ್ಲಿ ಎಲ್ಲರೂ ಕೋಡಿಂಗ್ ಕೋರ್ಸ್ ಹಿಂದೆ ಓಡುತ್ತಿದ್ದಾರೆ. ಪವರ್ ಎಲೆಕ್ಟ್ರಾನಿಕ್ಸ್ ಎಂದರೆ ಪಾಸಾದರೆ ಸಾಕು ಎನ್ನುವ ಭಾವ. ಇನ್ವರ್ಟರ್ ವಿನ್ಯಾಸ, ಬ್ಯಾಟರಿ ನಿರ್ವಹಣೆ, ಪ್ರೊಟೆಕ್ಷನ್ ಕಲಿತವರು ಬೇಕೇ ಬೇಕಾಗುತ್ತಾರೆ. ಐಟಿಐ, ಡಿಪ್ಲೊಮಾ ಓದಿದವರಿಗೂ ಅಳವಡಿಕೆಯ ಕೆಲಸವಿದೆ.

ನಾಳೆ ಯಾರಾದರೂ ‘ಗಾಡಿಯಿಂದಲೇ ಮನೆಗೆ ಕರೆಂಟ್ ಕೊಡ್ತೀವಿ’ ಎಂದು ಬಂದರೆ, ಎಷ್ಟು ಯೂನಿಟ್ ಎಂದು ಕೇಳುವ ಮೊದಲು ಟ್ರಾನ್ಸ್‌ಫರ್ ಸ್ವಿಚ್ ಎಲ್ಲಿದೆ ಎಂದು ಕೇಳಿ.